ದೇಹದ ಕೊಬ್ಬಿನ ಶೇಕಡಾ ಪ್ರಮಾಣ ಮತ್ತು ಕೊಬ್ಬು ಇಳಿಕೆಯ ಯೋಜನೆ

ದೇಹದ ಕೊಬ್ಬಿನ ಶೇಕಡಾ ಪ್ರಮಾಣವು ಒಟ್ಟು ದೇಹತೂಕದಲ್ಲಿ ಕೊಬ್ಬಿನ ಪಾಲನ್ನು ಸೂಚಿಸುವ ಅಳತೆ. ಸ್ನಾಯು, ಮೂಳೆ, ಅಂಗಾಂಗ ಮತ್ತು ನೀರನ್ನು ಒಳಗೊಂಡ ಉಳಿದ ಭಾಗವನ್ನು ಕೊಬ್ಬುರಹಿತ ತೂಕ ಎನ್ನುತ್ತಾರೆ. ಸ್ನಾಯುವನ್ನು ಉಳಿಸಿಕೊಂಡು ಕೊಬ್ಬನ್ನು ಇಳಿಸುವ ಗುರಿಯನ್ನು ನಿಗದಿಪಡಿಸಲು ಈ ಅಳತೆಯನ್ನು ಬಳಸಲಾಗುತ್ತದೆ.

ಭಾರತೀಯರಲ್ಲಿ ಮಹತ್ವ

ದೇಹತೂಕ ಸೂಚ್ಯಂಕವಾದ ಬಿಎಂಐ ಕೊಬ್ಬು ಮತ್ತು ಸ್ನಾಯುವಿನ ಭೇದವನ್ನು ತಿಳಿಸುವುದಿಲ್ಲ. 2004ರಲ್ಲಿ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಹಾಗೂ ಲಂಡನ್ನಿನ ಜಾನ್ ಯುಡ್ಕಿನ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮನ್ನೇ ಉದಾಹರಣೆಯಾಗಿ ನೀಡಿದರು. ಇಬ್ಬರ ಬಿಎಂಐ ಕೂಡ 22.3 ಆಗಿದ್ದರೂ ಕೊಬ್ಬಿನ ಪ್ರಮಾಣ ಕ್ರಮವಾಗಿ ಶೇ. 21.2 ಮತ್ತು ಶೇ. 9.1 ಇತ್ತು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ ಪಾರ್ಥೆನಾನ್ ಅಧ್ಯಯನದಲ್ಲಿ, ನವಜಾತ ಶಿಶುಗಳು ಬ್ರಿಟನ್ನಿನ ಶಿಶುಗಳಿಗಿಂತ ಚಿಕ್ಕದಾಗಿದ್ದರೂ ಬೆನ್ನಿನ ಚರ್ಮದಡಿಯ ಕೊಬ್ಬು ಉಳಿದ ಅಳತೆಗಳಷ್ಟು ಕುಗ್ಗಿರಲಿಲ್ಲ. ತೆಳ್ಳಗೆ ಕಾಣುವವರಿಗೂ ಮಧುಮೇಹ ಬರುವುದಕ್ಕೆ ಇದು ಒಂದು ಕಾರಣವೆಂದು ಭಾವಿಸಲಾಗಿದೆ. ಭಾರತೀಯರಲ್ಲಿ ಸೊಂಟದ ಸುತ್ತಳತೆಯ ಮಿತಿ ಪುರುಷರಿಗೆ 90 ಸೆಂ.ಮೀ., ಮಹಿಳೆಯರಿಗೆ 80 ಸೆಂ.ಮೀ.

ಅಳತೆಯ ವಿಧಾನಗಳು

ಡೆಕ್ಸಾ ಸ್ಕ್ಯಾನ್, ಚರ್ಮದ ಮಡಿಕೆಯನ್ನು ಅಳೆಯುವ ಕ್ಯಾಲಿಪರ್ ಮತ್ತು ವಿದ್ಯುತ್ ಪ್ರತಿರೋಧದ ತೂಕಯಂತ್ರ ಬಳಕೆಯಲ್ಲಿವೆ. ತೂಕಯಂತ್ರದ ಫಲಿತಾಂಶವು ದೇಹದ ನೀರಿನಂಶಕ್ಕೆ ತಕ್ಕಂತೆ ಬದಲಾಗುತ್ತದೆ. ಆದ್ದರಿಂದ ಒಂದೇ ಯಂತ್ರದಲ್ಲಿ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಅಳೆದು, ಹಲವು ವಾರಗಳ ಪ್ರವೃತ್ತಿಯನ್ನು ಗಮನಿಸುವುದು ಸೂಕ್ತ.

ಲೆಕ್ಕಾಚಾರ

ಶೇ. 28 ಕೊಬ್ಬಿರುವ 70 ಕೆ.ಜಿ. ತೂಕದ ಪುರುಷನಲ್ಲಿ ಕೊಬ್ಬು 19.6 ಕೆ.ಜಿ., ಕೊಬ್ಬುರಹಿತ ತೂಕ 50.4 ಕೆ.ಜಿ. ಗುರಿ ಶೇ. 22 ಆದರೆ 50.4 ಅನ್ನು 0.78ರಿಂದ ಭಾಗಿಸಿದಾಗ ಗುರಿತೂಕ 64.6 ಕೆ.ಜಿ. ಬರುತ್ತದೆ. ವಾರಕ್ಕೆ ಅರ್ಧ ಕೆ.ಜಿ.ಯಂತೆ ಇದಕ್ಕೆ ಸುಮಾರು 11 ವಾರ ಬೇಕು. ಒಂದು ಕೆ.ಜಿ. ಕೊಬ್ಬಿಗೆ ಸುಮಾರು 7,700 ಕಿಲೊಕ್ಯಾಲೊರಿ ಎಂದು ಹಿಡಿದರೆ ದಿನದ ಕೊರತೆ 550 ಕಿಲೊಕ್ಯಾಲೊರಿ. ತೂಕ 65 ಕೆ.ಜಿ.ಗೆ ಇಳಿದಾಗಲೂ ಕೊಬ್ಬು ಶೇ. 26ರಷ್ಟೇ ಇದ್ದರೆ, ಇಳಿದ 5 ಕೆ.ಜಿ.ಯಲ್ಲಿ 2.3 ಕೆ.ಜಿ. ಕೊಬ್ಬುರಹಿತ ತೂಕವೇ ಆಗಿರುತ್ತದೆ. ಮರು ಅಳತೆಯಲ್ಲೂ ಇದೇ ಕಂಡುಬಂದರೆ ಕೊರತೆಯನ್ನು ತಗ್ಗಿಸಿ, ಪ್ರೋಟೀನ್ ಹಾಗೂ ಭಾರದ ವ್ಯಾಯಾಮವನ್ನು ಹೆಚ್ಚಿಸಲಾಗುತ್ತದೆ.

ಸ್ಥಳೀಯ ಆಹಾರ

ತುಮಕೂರು, ಗುಬ್ಬಿ ಮತ್ತು ಕುಣಿಗಲ್ ಭಾಗದಲ್ಲಿ ರಾಗಿ ಪ್ರಮುಖ ಆಹಾರ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕಿಲೊಕ್ಯಾಲೊರಿ ಇದ್ದರೂ ಪ್ರೋಟೀನ್ ಸುಮಾರು 7 ಗ್ರಾಂ ಮಾತ್ರ. ಹುರುಳಿಯಲ್ಲಿ ಅದು ಸುಮಾರು 22 ಗ್ರಾಂ. ಆದುದರಿಂದ ಮುದ್ದೆಯ ಗಾತ್ರವನ್ನು ಕಡಿಮೆ ಮಾಡಿ ಕಾಳಿನ ಸಾರು, ಮೊಟ್ಟೆ ಅಥವಾ ಮೊಸರನ್ನು ಹೆಚ್ಚಿಸಬಹುದು. 100 ಗ್ರಾಂ ಕೊಬ್ಬರಿಯಲ್ಲಿ 60 ಗ್ರಾಂಗೂ ಹೆಚ್ಚು ಕೊಬ್ಬಿರುವುದರಿಂದ ಅದರ ಪ್ರಮಾಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಎಚ್ಚರಿಕೆ

ಪುರುಷರಿಗೆ ಸುಮಾರು ಶೇ. 3, ಮಹಿಳೆಯರಿಗೆ ಸುಮಾರು ಶೇ. 12 ಕೊಬ್ಬು ಜೀವಕ್ರಿಯೆಗೆ ಅತ್ಯಗತ್ಯ. ಗರ್ಭಿಣಿಯರು ಮತ್ತು ಬೆಳೆಯುವ ಮಕ್ಕಳಿಗೆ ಇಂತಹ ಯೋಜನೆ ಸೂಕ್ತವಲ್ಲ. ಇನ್ಸುಲಿನ್ ಪಡೆಯುವವರು ಆಹಾರವನ್ನು ತಗ್ಗಿಸಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದಾದ್ದರಿಂದ ವೈದ್ಯರ ಸಲಹೆ ಅಗತ್ಯ.