ಬಿಳಿ ಹಿನ್ನೆಲೆ: ಬಟ್ಟೆಯದಲ್ಲ, ಬೆಳಕಿನ ಲೆಕ್ಕ

ಪಾಸ್‌ಪೋರ್ಟ್ ಅರ್ಜಿಗೆಂದು ನೀವು ಯಾರನ್ನಾದರೂ ಸುಣ್ಣ ಬಳಿದ ಗೋಡೆಯ ಮುಂದೆ ನಿಲ್ಲಿಸಿ ಫೋಟೋ ತೆಗೆದಿರಬಹುದು. ಗೋಡೆಗೆ ತಾಗಿ ನಿಂತರೆ ತಲೆಯ ಪಕ್ಕದಲ್ಲಿ ನೆರಳು ಬೀಳುತ್ತದೆ. ಎರಡು ಹೆಜ್ಜೆ ಮುಂದೆ ಬಂದರೆ ನೆರಳು ಹೋಗುತ್ತದೆ, ಆದರೆ ಗೋಡೆಯೇ ಬೂದುಬಣ್ಣಕ್ಕೆ ತಿರುಗುತ್ತದೆ. ಕಣ್ಣಿಗೆ ಅಚ್ಚ ಬಿಳಿಯಾಗಿ ಕಾಣುವ ಗೋಡೆ ಚಿತ್ರದಲ್ಲಿ ಏಕೆ ಹೀಗಾಗುತ್ತದೆ?

ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಮುಖದಿಂದ 1 ಮೀಟರ್ ದೂರದಲ್ಲಿ ಒಂದು ಚಿಕ್ಕ ದೀಪವಿದೆ, ಮುಖದಿಂದ 2 ಮೀಟರ್ ಹಿಂದೆ ಗೋಡೆಯಿದೆ ಎನ್ನಿ. ದೀಪದಿಂದ ಗೋಡೆಗೆ 3 ಮೀಟರ್. ವಿಲೋಮ ವರ್ಗ ನಿಯಮದಂತೆ ಗೋಡೆಗೆ ಬೀಳುವ ಬೆಳಕು ಮುಖಕ್ಕೆ ಬೀಳುವುದರ 1/9 ಮಾತ್ರ. ಗೋಡೆ ಶೇ. 90ರಷ್ಟು ಬೆಳಕನ್ನು ಪ್ರತಿಫಲಿಸಿದರೂ, ಕ್ಯಾಮರಾದ ಪಾಲಿಗೆ ಅದು ಮುಖದ ಪಕ್ಕದಲ್ಲಿಟ್ಟ ಶೇ. 10 ಪ್ರತಿಫಲನದ ವಸ್ತುವಿಗೆ ಸಮ. ಛಾಯಾಗ್ರಾಹಕರು ಅಳತೆಗೆ ಬಳಸುವ ಬೂದು ಕಾರ್ಡಿನ ಪ್ರತಿಫಲನವೇ ಶೇ. 18. ಅಂದರೆ ನಿಮ್ಮ ಬಿಳಿ ಗೋಡೆ ಆ ಕಾರ್ಡಿಗಿಂತಲೂ ಕಪ್ಪು!

ಹತ್ತೊಂಬತ್ತನೆಯ ಶತಮಾನದ ಸ್ಟುಡಿಯೋಗಳಿಗೆ ಈ ತೊಂದರೆ ಅಷ್ಟಾಗಿ ಇರಲಿಲ್ಲ. ಅವುಗಳಲ್ಲಿ ಗಾಜಿನ ಮಾಡು, ಗಾಜಿನ ಗೋಡೆಗಳಿದ್ದವು. ಆಕಾಶದಂತಹ ವಿಶಾಲ ಆಕರದ ಬೆಳಕು ಎರಡು ಹೆಜ್ಜೆಯ ಅಂತರದಲ್ಲಿ ಅಷ್ಟೇನೂ ಕುಗ್ಗುವುದಿಲ್ಲ. ಅವರನ್ನು ಕಾಡಿದ್ದು ಬೇರೆ ಎರಡು ಸಂಗತಿಗಳು. ಮೊದಲನೆಯದು, 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಕಲೋಡಿಯನ್ ವಿಧಾನದ ಫಲಕಗಳು ಸ್ಪಂದಿಸುತ್ತಿದ್ದುದು ಬಹುಮಟ್ಟಿಗೆ ನೀಲಿ, ನೇರಳೆ ಮತ್ತು ಅತಿನೇರಳೆ ಬೆಳಕಿಗೆ. ಹಳದಿ ಛಾಯೆಯ ಬಟ್ಟೆ ಅವುಗಳಲ್ಲಿ ಕಪ್ಪಾಗಿ ಮೂಡುತ್ತಿತ್ತು. ತಿಳಿನೀಲಿ ಬಟ್ಟೆ ಹೆಚ್ಚುಕಡಿಮೆ ಬಿಳಿಯಾಗುತ್ತಿತ್ತು. ಬಣ್ಣದ್ರವ್ಯ ಬೆರೆಸಿದರೆ ಫಲಕ ಹಸಿರು, ಹಳದಿಗೂ ಸ್ಪಂದಿಸುತ್ತದೆಂದು ಜರ್ಮನಿಯ ಹರ್ಮನ್ ವೋಗೆಲ್ ಕಂಡುಕೊಂಡದ್ದು 1873ರಲ್ಲಿ. ಎರಡನೆಯ ಸಂಗತಿ ನಿಮಗೆ ಪಾಠದಿಂದ ಪರಿಚಿತವಾದದ್ದೇ. ಪ್ರಖರ ಹಿನ್ನೆಲೆಯ ಬೆಳಕು ಲೇಪವನ್ನು ದಾಟಿ ಗಾಜಿನ ಹಿಂಬದಿಯಲ್ಲಿ ಪ್ರತಿಫಲಿಸಿ ಮರಳಿ ಲೇಪಕ್ಕೆ ತಾಗುತ್ತಿತ್ತು. ತಲೆಗೂದಲಿನ ಅಂಚು ಮಸುಕಾಗಿ ಸುತ್ತ ಪ್ರಭಾವಳಿ ಮೂಡುತ್ತಿತ್ತು. ಅದನ್ನು ತಡೆಯಲು ಫಲಕದ ಬೆನ್ನಿಗೆ ಕಪ್ಪು ಲೇಪ ಹಚ್ಚುವ ರೂಢಿ ಬಂತು.

ಹಾಗಾದರೆ ಆ ಕಾಲದ ಎಷ್ಟೋ ಭಾವಚಿತ್ರಗಳಲ್ಲಿ ತಲೆ ಮತ್ತು ಹೆಗಲು ಮಾತ್ರ ಕಂಡು, ಸುತ್ತಲೂ ಶುಭ್ರ ಬಿಳುಪಿದೆಯಲ್ಲ? ಅದು ಮುದ್ರಣದ ಜಾಣ್ಮೆ. ನಡುವೆ ರಂಧ್ರ ಕೊರೆದ ರಟ್ಟನ್ನು ನೆಗೆಟಿವ್‌ನ ಮೇಲೆ ತುಸು ಎತ್ತರದಲ್ಲಿಟ್ಟು ಕಾಗದವನ್ನು ಬಿಸಿಲಿಗೆ ಒಡ್ಡುತ್ತಿದ್ದರು. ಬೆಳಕು ತಾಗಿದ ಕಡೆ ಮಾತ್ರ ಕಾಗದ ಕಪ್ಪಾಗುತ್ತಿತ್ತು. ಉಳಿದದ್ದು ಕಾಗದದ ಸಹಜ ಬಣ್ಣ. ನೆಗೆಟಿವ್‌ನಲ್ಲಿ ಹಿನ್ನೆಲೆಯ ಭಾಗಕ್ಕೆ ಬೆಳಕು ಹಾಯದಂತೆ ಬಣ್ಣ ಬಳಿಯುವುದು ಇನ್ನೊಂದು ದಾರಿ. ನನಗೆ ಇದು ಬಹಳ ಸ್ವಾರಸ್ಯಕರವೆನಿಸುತ್ತದೆ: ಆ ಬಿಳುಪು ಮೂಡಿದ್ದು ಬೆಳಕಿನಿಂದಲ್ಲ, ಬೆಳಕನ್ನು ತಡೆದದ್ದರಿಂದ.

ಬಿಳಿ ಕಾಗದವನ್ನು ನಿಜಕ್ಕೂ ಹಿಂದೆ ತೂಗುಹಾಕಿ, ಅದನ್ನು ತನ್ನ ಗುರುತನ್ನಾಗಿಯೇ ಮಾಡಿಕೊಂಡವರಲ್ಲಿ ಅಮೆರಿಕದ ರಿಚರ್ಡ್ ಆವೆಡಾನ್ ಪ್ರಮುಖರು. ಟೆಕ್ಸಸ್‌ನ ಏಮನ್ ಕಾರ್ಟರ್ ವಸ್ತುಸಂಗ್ರಹಾಲಯಕ್ಕಾಗಿ 1979ರಿಂದ 1984ರವರೆಗೆ ಅವರು ಪಶ್ಚಿಮ ಅಮೆರಿಕದ ಗಣಿ ಕಾರ್ಮಿಕರು, ತೈಲಬಾವಿಯ ಕೆಲಸಗಾರರು, ಅಲೆಮಾರಿಗಳ ಚಿತ್ರ ತೆಗೆದರು. ಸುಮಾರು 9 ಅಡಿ ಅಗಲದ ಬಿಳಿ ಕಾಗದ, ಅದನ್ನು ಅಂಟಿಸಲು ಯಾವುದಾದರೊಂದು ಗೋಡೆ, 8×10 ಇಂಚು ಫಿಲ್ಮಿನ ದೊಡ್ಡ ಕ್ಯಾಮರಾ. ದೀಪಗಳಿಲ್ಲ. ಅವರು ಆರಿಸಿಕೊಂಡದ್ದು ನೆರಳಿರುವ ಜಾಗ. ಏಕೆಂದು ನೀವೇ ಊಹಿಸಬಲ್ಲಿರಿ: ನೆರಳಿನಲ್ಲಿ ಬೆಳಕು ಕೊಡುವುದು ಇಡೀ ಆಕಾಶ. ಮನುಷ್ಯನಿಗೂ ಕಾಗದಕ್ಕೂ ಹೆಚ್ಚುಕಡಿಮೆ ಸಮಾನ ಬೆಳಕು, ಗಡುಸಾದ ನೆರಳೂ ಇಲ್ಲ. ಮೈಮೇಲೆಲ್ಲ ಜೇನುನೊಣ ಹರಿದಾಡುವ ಮನುಷ್ಯನ 1981ರ ಚಿತ್ರವನ್ನು ಸಿಕ್ಕರೆ ಗಮನಿಸಿ. ಅತಿ ಬಿಳಿಚಿದ ಆ ಮೈ ಕೂಡ ಕಾಗದದಲ್ಲಿ ಕರಗಿಹೋಗಿಲ್ಲ. ಕತ್ತಲಕೋಣೆಯಲ್ಲಿ ನಡೆದ ತಿದ್ದುವಿಕೆಯೂ ಕಡಿಮೆಯದಲ್ಲ ಎನ್ನಿ.

ಇನ್ನು ನಮ್ಮ ಕೈಯಲ್ಲಿರುವ ಕ್ಯಾಮರಾದ ಮಾತು. ಅದರ ಸ್ವಯಂಚಾಲಿತ ಮಾಪಕ ಸಾಮಾನ್ಯವಾಗಿ ದೃಶ್ಯದ ಸರಾಸರಿಯನ್ನು ಮಧ್ಯಮ ಬೂದಿಗೆ ತರಲು ಯತ್ನಿಸುತ್ತದೆ. ಚೌಕಟ್ಟಿನ ಬಹುಪಾಲು ಬಿಳಿಯಿದ್ದರೆ ಅದು ಬೆಳಕನ್ನು ಕಡಿಮೆ ಮಾಡುತ್ತದೆ. ಇದರ ಪೆಟ್ಟು ಬೀಳುವುದು ಮುಖಕ್ಕೆ, ಅದರಲ್ಲೂ ಕಪ್ಪು ಮೈಬಣ್ಣದವರ ಮುಖಕ್ಕೆ. ಕಣ್ಣು, ಕೆನ್ನೆಗಳ ವಿವರವೇ ಅಳಿಸಿಹೋಗುತ್ತದೆ. ಗುರುತಿಗಾಗಿ ತೆಗೆದ ಚಿತ್ರದಲ್ಲಿ ಗುರುತೇ ಸಿಗದಿದ್ದರೆ ಏನು ಪ್ರಯೋಜನ? ನಿಮ್ಮ ತರಗತಿಯ ಮಕ್ಕಳ ಚಿತ್ರ ತೆಗೆಯುವಾಗ ಹಿನ್ನೆಲೆಯನ್ನು ನೋಡಿ ಬೆಳಕು ಹೊಂದಿಸಬೇಡಿ, ಮುಖವನ್ನು ನೋಡಿ ಹೊಂದಿಸಿ. ಶಾಲೆಯ ಜಗಲಿಯಲ್ಲಿ ಬಿಸಿಲು ಬೀಳದ, ಆಕಾಶ ಕಾಣುವ ಜಾಗ ಸಾಕು. ಒಳಗೆ ದೀಪ ಬಳಸುವುದಾದರೆ ಗೋಡೆಗೇ ಬೇರೆ ದೀಪವಿಡಿ. ಗೋಡೆಗೆ ಬೀಳುವ ಬೆಳಕು ಮುಖದ ಮೇಲಿನದಕ್ಕೆ ಸಮವಾಗಿ, ಹೆಚ್ಚೆಂದರೆ ಎರಡರಷ್ಟಿರಲಿ. ಅದನ್ನು ಮೀರಿದರೆ ಹಿನ್ನೆಲೆಯ ಬೆಳಕು ಲೆನ್ಸಿನೊಳಗೆ ಚದುರಿ ಕಿವಿಯ ಅಂಚು, ಅಜ್ಜಿಯ ನರೆಗೂದಲು ಎಲ್ಲವೂ ಬಿಳುಪಿನಲ್ಲಿ ಕರಗತೊಡಗುತ್ತವೆ.