ವಿಮಾನ ಹಾರಿಸಿದ ಹೆಣ್ಣುಮಕ್ಕಳು

ಕಳೆದ ತಿಂಗಳ ಒಂದು ಜುಮಾ ಖುತ್ಬಾದಲ್ಲಿ ಖತೀಬರು ಸೂರಃ ಅಲ್-ಮುಲ್ಕ್‌ನಲ್ಲಿ ಬರುವ ಹಕ್ಕಿಗಳ ಪ್ರಸ್ತಾಪ ಮಾಡಿ, ಇಲ್ಮ್ ಹುಡುಕುವ ಹೊಣೆ ಗಂಡು ಹೆಣ್ಣು ಇಬ್ಬರ ಮೇಲೂ ಇದೆ ಎಂದರು. ನಮಾಜ್ ಮುಗಿಸಿ ಹೊರಬಂದಾಗ ನಮ್ಮ ಹಿರಿಯರೊಬ್ಬರು, "ಮೊಮ್ಮಗಳು ಸೈನ್ಸ್ ಬೇಕಂತ ಹಟ ಹಿಡದಾಳ. ಓದಿ ಏನ್ ವಿಮಾನ ಹಾರಸ್ತಾಳೇನು?" ಎಂದು ನಕ್ಕರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ಸರಿಯೆನಿಸಲಿಲ್ಲ. ಹಾರಿಸಿದವರಿದ್ದಾರಲ್ಲ, ಅದೂ ನಮ್ಮ ಅಜ್ಜಂದಿರ ಕಾಲದಲ್ಲಿ!

ಹಾರಾಟದ ಹಂಬಲ ನಮಗೆ ಹೊಸದಲ್ಲ. 9ನೇ ಶತಮಾನದಲ್ಲಿ ಕೊರ್ಡೋಬಾದ ಅಬ್ಬಾಸ್ ಇಬ್ನ್ ಫಿರ್ನಾಸ್ ಮೈಗೆ ರೆಕ್ಕೆ ಕಟ್ಟಿಕೊಂಡು ಹಾರಿ, ಇಳಿಯುವಾಗ ಬೆನ್ನಿಗೆ ಪೆಟ್ಟು ತಿಂದರೆಂದು ಚರಿತ್ರೆಕಾರರು ಬರೆದಿದ್ದಾರೆ. ಇಂಜಿನ್ ಇರುವ ವಿಮಾನ ಬಂದದ್ದು 1903ರಲ್ಲಿ. ಏಳೇ ವರ್ಷಕ್ಕೆ, 1910ರ ಮಾರ್ಚ್ 8ರಂದು, ಫ್ರಾನ್ಸಿನ ರೇಮಂಡ್ ಡಿ ಲಾರೋಶ್ ಎಂಬ ಮಹಿಳೆ ಪೈಲಟ್ ಲೈಸೆನ್ಸ್ ಪಡೆದರು.

ನಮ್ಮ ದೇಶದಲ್ಲಿ 1936 ನೆನಪಿಡಬೇಕಾದ ವರ್ಷ. ಆ ವರ್ಷ ಲಾಹೋರಿನಲ್ಲಿ ಇಬ್ಬರು ಹೆಣ್ಣುಮಕ್ಕಳು ಲೈಸೆನ್ಸ್ ಪಡೆದರು. ಒಬ್ಬರು ಸರಳಾ ಠಕ್ರಾಲ್. 21 ವರ್ಷ, ಮನೆಯಲ್ಲಿ ನಾಲ್ಕು ವರ್ಷದ ಮಗಳು; ಸೀರೆಯುಟ್ಟೇ ಜಿಪ್ಸಿ ಮಾತ್ ವಿಮಾನ ಹತ್ತಿದರು. ಅದು ಬಟ್ಟೆ ಹೊದಿಸಿದ ಎರಡು ಸೀಟಿನ ವಿಮಾನ. ಮೇಲೆ ಸೂರಿಲ್ಲ, ಪಂಖವನ್ನು ಕೈಯಿಂದ ತಿರುಗಿಸಿಯೇ ಚಾಲೂ ಮಾಡಬೇಕು. ಇನ್ನೊಬ್ಬರು ಹಿಜಾಬ್ ಇಮ್ತಿಯಾಜ್ ಅಲಿ, ದಕ್ಷಿಣದಲ್ಲಿ ಬೆಳೆದ ಉರ್ದು ಕಥೆಗಾರ್ತಿ. ಅವಿಭಜಿತ ಭಾರತದ ಮೊದಲ ಮುಸ್ಲಿಂ ಮಹಿಳಾ ಪೈಲಟ್ ಎಂದು ಹೆಸರಾದವರು ಇವರೇ. ತಾಯಿ ಅಬ್ಬಾಸಿ ಬೇಗಂ ಸಹ ಲೇಖಕಿ. ಅತ್ತೆ ಮುಹಮ್ಮದಿ ಬೇಗಂ 1898ರಲ್ಲೇ 'ತಹಜೀಬ್-ಎ-ನಿಸ್ವಾಂ' ಎಂಬ ಹೆಣ್ಣುಮಕ್ಕಳ ವಾರಪತ್ರಿಕೆ ನಡೆಸಿದವರು. ಅಂದರೆ ಆ ಮನೆಯಲ್ಲಿ ವಿಮಾನಕ್ಕಿಂತ ಎಷ್ಟೋ ಮೊದಲು ಓದು ಬಂದಿತ್ತು. ಹಣವೂ ಇತ್ತು, ಅದನ್ನು ಮುಚ್ಚಿಡಬಾರದು.

ಹಣಕ್ಕಿಂತ ಗಟ್ಟಿ ಗೋಡೆ ಇನ್ನೊಂದಿತ್ತು. ಅಲಹಾಬಾದಿನ ಪ್ರೇಮ್ ಮಾಥುರ್ 1947ರಲ್ಲಿ ಕಮರ್ಷಿಯಲ್ ಲೈಸೆನ್ಸ್ ಪಡೆದು ಕೆಲಸ ಕೇಳಿದಾಗ ಎಂಟು ಕಂಪನಿಗಳು ಒಲ್ಲೆ ಎಂದವು. ಹೆಣ್ಣು ಹಾರಿಸಿದರೆ ಪ್ರಯಾಣಿಕರು ಹೆದರುತ್ತಾರೆ ಎಂಬ ನೆವ. ಕೆಲಸ ಕೊಟ್ಟದ್ದು ಹೈದರಾಬಾದಿನ ಡೆಕ್ಕನ್ ಏರ್‌ವೇಸ್, ನಿಜಾಮ್ ಸರಕಾರ ಟಾಟಾ ಜೊತೆ 1945ರಲ್ಲಿ ಕಟ್ಟಿದ ಕಂಪನಿ. ಭೀಮೆಯ ಆಚೆಗಿನ ಅಫಜಲಪುರ ಆಗ ಅದೇ ನಿಜಾಮರ ಸೀಮೆ, ಈಚೆಗಿನ ನಾವು ಮುಂಬಯಿ ಪ್ರಾಂತದವರು. ಆದರೆ ಅಲ್ಲಿಯೂ ಆಕೆಗೆ ಸಿಕ್ಕಿದ್ದು ಸಹ ಪೈಲಟ್ ಸೀಟು ಮಾತ್ರ. 1949ರ ರಾಷ್ಟ್ರೀಯ ವಿಮಾನ ಸ್ಪರ್ಧೆ ಗೆದ್ದರೂ ಕ್ಯಾಪ್ಟನ್ ಸೀಟು ಕೊಡಲಿಲ್ಲ.

ನಮ್ಮ ಕರ್ನಾಟಕದ್ದೂ ಒಂದು ಹೆಸರಿದೆ: ಉಷಾ ಸುಂದರಂ. ಬೆಂಗಳೂರಿನ ಜಕ್ಕೂರು ಸರಕಾರಿ ವಿಮಾನ ತರಬೇತಿ ಶಾಲೆಯಿಂದ 1949ರಲ್ಲಿ ತೇರ್ಗಡೆಯಾದರು. ದೇಶ ವಿಭಜನೆಯ ಸಂಕಟದಲ್ಲಿ ನಿರಾಶ್ರಿತರನ್ನು ಕರೆತಂದ ವಿಮಾನಗಳಲ್ಲಿ ದುಡಿದರು. 1951ರಲ್ಲಿ ಪತಿಯೊಡನೆ ಡವ್ ವಿಮಾನವನ್ನು ಲಂಡನ್ನಿನಿಂದ ಮುಂಬಯಿಗೆ 27 ತಾಸಿನಲ್ಲಿ ತಂದರು; ಅಂಥ ಇಂಜಿನ್ನಿನ ವಿಮಾನಕ್ಕೆ ಅದು ದಾಖಲೆ.

ಇಂದಿಗೂ ಪೈಲಟ್ ತರಬೇತಿಗೆ ಲಕ್ಷಗಟ್ಟಲೆ ಬೇಕು, ನಮ್ಮ ಸಿಂದಗಿಯ ಎಷ್ಟು ಮನೆಗಳಿಗೆ ಸಾಧ್ಯ? ಆದರೆ ಅದರ ಮೊದಲ ಮೆಟ್ಟಿಲು ಪಿಯುಸಿಯ ಫಿಜಿಕ್ಸ್ ಮತ್ತು ಗಣಿತ, ಅದು ಊರಲ್ಲೇ ಸಿಗುತ್ತದೆ. ಕಾಲೇಜಿನ ಪ್ರವೇಶ ಇನ್ನೂ ಮುಗಿದಿಲ್ಲ. ಈ ಸಂಚಿಕೆಯ ಒಂದು ಪ್ರತಿಯನ್ನು ಆ ಹಿರಿಯರ ಮನೆಗೆ ನಾನೇ ಒಯ್ದು ಕೊಡುವವನಿದ್ದೇನೆ.