ಇ-ಮೇಲ್‌ಗೂ ಅಂಚೆಚೀಟಿ ಬೇಕೆ?

ಕಾಗದಕ್ಕೆ ಅಂಚೆಚೀಟಿ ಬೇಕು, ಇ-ಮೇಲ್‌ಗೆ ಬೇಡ. ರಾಶಿರಾಶಿ ಜಾಹೀರಾತು ಪತ್ರಗಳು, ಅಂದರೆ ಸ್ಪ್ಯಾಮ್, ಬರಲು ಇದೇ ಮುಖ್ಯ ಕಾರಣ. ಜೊತೆಗೆ, 1982ರಲ್ಲಿ ಜಾನ್ ಪೋಸ್ಟೆಲ್ ಪ್ರಕಟಿಸಿದ ಎಸ್‌ಎಂಟಿಪಿ ನಿಯಮಾವಳಿಯಲ್ಲಿ ಕಳಿಸಿದವರ ವಿಳಾಸ ನಿಜವೇ ಎಂದು ಪರೀಕ್ಷಿಸುವ ಏರ್ಪಾಡೇ ಇರಲಿಲ್ಲ.

ಸ್ಪ್ಯಾಮ್ ಸೋಸುವ ತಂತ್ರಾಂಶಗಳು ಬಂದವು. ಆದರೆ ಸೇವಾ ಸಂಸ್ಥೆಯೊಂದು ಸಾವಿರಾರು ಸದಸ್ಯರಿಗೆ ಒಟ್ಟಿಗೆ ಕಳಿಸುವ ಪತ್ರವೂ ಈ ಜರಡಿಯಲ್ಲಿ ಸಿಕ್ಕಿಬೀಳಬಹುದು. 2006ರಲ್ಲಿ ಅಮೆರಿಕದ ಎಒಎಲ್ ಕಂಪನಿಯು ಗುಡ್‌ಮೇಲ್ ಯೋಜನೆಯನ್ನು ತರಲು ಹೊರಟಿತು. ಪತ್ರವೊಂದಕ್ಕೆ ಕಾಲು ಸೆಂಟ್‌ನಿಂದ ಒಂದು ಸೆಂಟ್‌ವರೆಗೆ ತೆತ್ತರೆ ಜರಡಿಯಿಂದ ವಿನಾಯಿತಿ! ಹಾಗಾದರೆ ಹಣವಿಲ್ಲದ ಸಂಸ್ಥೆಗಳ ಗತಿಯೇನು? ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್, ಮೂವ್‌ಆನ್ ಮೊದಲಾದವು ಪ್ರತಿಭಟಿಸಿದವು. ಅರ್ಹ ಲಾಭರಹಿತ ಸಂಸ್ಥೆಗಳಿಗೆ ಅಂಥದೇ ಸೌಲಭ್ಯವನ್ನು ಉಚಿತವಾಗಿ ಕೊಡುವುದಾಗಿ ಎಒಎಲ್ ಹೇಳಿತು. 2011ರಲ್ಲಿ ಗುಡ್‌ಮೇಲ್ ಮುಚ್ಚಿತು.

ಉಳಿದದ್ದು ಹಣದ ಬದಲು ಗುರುತು ಕೇಳುವ ವಿಧಾನ. ಒಂದು ಸಂಸ್ಥೆಯ ಹೆಸರಿನಲ್ಲಿ ಯಾವ ಕಂಪ್ಯೂಟರುಗಳು ಪತ್ರ ಕಳಿಸಬಹುದೆಂಬ ಪಟ್ಟಿಯೇ ಎಸ್‌ಪಿಎಫ್ (2006). ಪತ್ರಕ್ಕೆ ಹಾಕುವ ಗಣಿತೀಯ ಸಹಿಯೇ ಡಿಕಿಮ್ (2007). ಇವೆರಡೂ ತಾಳೆಯಾಗದಿದ್ದರೆ ಪತ್ರವನ್ನೇನು ಮಾಡಬೇಕೆಂದು ತಿಳಿಸುವುದು ಡಿಮಾರ್ಕ್ (2012).

2024ರ ಫೆಬ್ರವರಿಯಿಂದ, ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರಗಳನ್ನು ಜಿಮೇಲ್ ವಿಳಾಸಗಳಿಗೆ ಕಳಿಸುವವರಿಗೆ ಗೂಗಲ್ ಈ ಮೂರನ್ನೂ ಕಡ್ಡಾಯ ಮಾಡಿತು. ಸ್ಪ್ಯಾಮ್ ಎಂಬ ದೂರುಗಳು ಶೇಕಡಾ 0.3 ಮುಟ್ಟಬಾರದು, ಪ್ರಚಾರಪತ್ರಗಳಲ್ಲಿ ಒಂದೇ ಕ್ಲಿಕ್ಕಿಗೆ ಚಂದಾ ಬಿಡುವ ಅವಕಾಶವಿರಬೇಕು. ಸೇವಾ ಸಂಸ್ಥೆಯೆಂದು ರಿಯಾಯಿತಿಯಿಲ್ಲ.

ಗುರುತಿನ ದಾಖಲೆಗೆ ಶುಲ್ಕವಿಲ್ಲ. ತಿಳಿದವರೊಬ್ಬರು ಬೇಕು, ಅಷ್ಟೆ. ಆದರೆ ಪತ್ರ ಬೇಕೋ ಬೇಡವೋ ಎಂದು ಹೇಳುವವರು ಓದುಗರೇ. ಬೇಡವೆಂದವರ ಹೆಸರನ್ನು ಪಟ್ಟಿಯಿಂದ ತೆಗೆದರೆ ಬೇಕೆನ್ನುವವರಿಗೆ ಪತ್ರ ತಲಪೀತು.